ಒಂಬತ್ತು ಮೆಟ್ಟಿಲಿನ ಅರ್ಧ ಇಂಚು

ನನ್ನಷ್ಟು ಚೆನ್ನಾಗಿ ಮೆಟ್ಟಿಲು ಮಾಡುವವನು ಈ ಭೂಮಂಡಲದಲ್ಲಿ ಇನ್ನೊಬ್ಬನಿಲ್ಲ. ಒಬ್ಬನಿದ್ದಾನೆಂದು ಯಾರೋ ಹೇಳಿದರು. ಅವನಿಗೆ ಈಗ ತೊಂಬತ್ತು ದಾಟಿ ಕೈ ನಡುಗುತ್ತಿರಬೇಕು. ನಾನು ರಂಗದ ಮೇಲೆ ಕಟ್ಟಿದ ಅರಮನೆಗಳಲ್ಲಿ ನಲವತ್ತು ರಾಜರು ಪ್ರಾಣ ಬಿಟ್ಟಿದ್ದಾರೆ. ನಾನು ಬಳಿದ ಆಕಾಶವನ್ನು ನಿಜವೆಂದು ನಂಬಿ ಒಂದು ಪಾರಿವಾಳ ಹಾರಿಬಂದು ಹಣೆ ಚಚ್ಚಿಕೊಂಡಿದೆ. ಪಾರಿವಾಳದ ವಿಷಯ ಸತ್ಯ. ರಾಜರು ಹನ್ನೆರಡು ಮಂದಿ ಇದ್ದಾರು.

ನಮ್ಮ ನಾಟಕ ತಂಡದವರು ನನ್ನನ್ನು ಬುರುಡೆ ಎಂದೇ ಕರೆಯುತ್ತಾರೆ. ಅಪ್ಪ ಅಮ್ಮ ಇಟ್ಟ ಹೆಸರು ಹಿಡಿದು ಕೂಗಿದರೆ ನಾನೇ ತಿರುಗಿ ನೋಡುವುದಿಲ್ಲ. ಆದರೆ ನನ್ನ ಬಾಯಿ ಎಷ್ಟೇ ಬುರುಡೆ ಬಿಡಲಿ, ನನ್ನ ಗರಗಸ ಅದುವರೆಗೆ ಒಂದು ಸಲವೂ ಬಿಟ್ಟಿರಲಿಲ್ಲ. ಮಾತಿನಲ್ಲಿ ಮೈಲಿ, ಮರದಲ್ಲಿ ಕೂದಲೆಳೆ. ಅದು ನನ್ನ ಧರ್ಮ.

ಆ ಗರಗಸ ಮೊದಲ ಸಲ ತಪ್ಪಿದ ಕತೆ ಇದು. ತಪ್ಪಿತೋ, ಬಾಯಿ ಹೇಳಲಾರದ ನಿಜವನ್ನು ತಾನೇ ಹೇಳಿಬಿಟ್ಟಿತೋ, ಓದಿ ನೀವೇ ತೀರ್ಮಾನ ಮಾಡಿ.

ಅವಳು ಬಂದ ದಿನ ನಾನು ತಾಲೀಮು ಹಾಲಿನ ನಡುವೆ ಹೆಗಲ ಮೇಲೆ ಒಂದು ತೊಲೆ ಇಟ್ಟುಕೊಂಡು ನಿಂತಿದ್ದೆ. ಇವರು ಇನ್ನು ಮುಂದೆ ಉಡುಪಿನ ಕೆಲಸ ನೋಡಿಕೊಳ್ಳುತ್ತಾರೆ ಎಂದು ಅಕ್ಕ ಪರಿಚಯ ಮಾಡಿಸಿದರು. ಅಕ್ಕ ಎಂದರೆ ನಮ್ಮ ನಿರ್ದೇಶಕಿ. ಅವರಿಗಿಂತ ಹತ್ತು ವರ್ಷ ದೊಡ್ಡವರೂ ಅವರನ್ನು ಅಕ್ಕ ಎಂದೇ ಕರೆದು ಬೈಸಿಕೊಳ್ಳುತ್ತಾರೆ. ಹೊಸಬರ ಮುಂದೆ ಬಾಯಿ ಮುಚ್ಚಿಕೊಂಡಿರುವ ಜಾಯಮಾನ ನನ್ನದಲ್ಲ. ಇದು ಹನ್ನೆರಡು ಅಡಿಯ ತೊಲೆ, ಮೂರು ಮಹಡಿ ಒಬ್ಬನೇ ಹೊತ್ತು ತಂದೆ ಎಂದೆ.

ಅವಳು ಬೆರಗಾಗಲಿಲ್ಲ. ಕೊರಳಲ್ಲಿ ಹಾರದ ಹಾಗೆ ಇಳಿಬಿಟ್ಟಿದ್ದ ಟೇಪನ್ನು ತೆಗೆದಳು. ತೊಲೆಯ ಒಂದು ತುದಿಗೆ ಹಿಡಿದಳು, ಬೆರಳಿಟ್ಟು ಗುರುತು ಮಾಡಿಕೊಂಡಳು, ಮತ್ತೆ ಅಲ್ಲಿಂದ ಮುಂದಕ್ಕೆ ಹಿಡಿದಳು. ನಾನು ಮಿಸುಕಾಡದೆ ನಿಂತೇ ಇದ್ದೆ.

"ಎಂಟು ಅಡಿ ನಾಲ್ಕು ಇಂಚು," ಎಂದಳು. "ನಿಮ್ಮ ಮಾತು ಕೋರಾ ಬಟ್ಟೆ ಇದ್ದ ಹಾಗಿದೆ. ನೆನೆಸಿ ಒಣಗಿಸಿದ್ಮೇಲೇ ಅಳತೆ ಹಿಡೀಬೇಕು."

ಹೊಸ ಬಟ್ಟೆ ಮೊದಲ ನೀರಿಗೆ ಕುಗ್ಗುತ್ತದೆ, ಅದನ್ನು ನೆನೆಸದೆ ಕತ್ತರಿಸಿದ ದರ್ಜಿ ಕೆಟ್ಟ ಎಂದು ಅವಳೇ ಆಮೇಲೆ ವಿವರಿಸಿದಳು. ಆ ಹೊತ್ತಿಗೆ ಹಾಲಿನಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕಾಗಿತ್ತು. ಒಂದೇ ಗಂಟೆಯಲ್ಲಿ ಅವಳಿಗೆ ಸೂಜಿ ಎಂದು ಹೆಸರು ಬಿತ್ತು. ಹೆಸರಿಟ್ಟವನು ನಾನೇ, ಚುಚ್ಚಿಸಿಕೊಂಡವನಿಗೆ ಅಷ್ಟಾದರೂ ಹಕ್ಕು ಬೇಡವೇ?

ಅವಳು ಕೆಲಸ ಮಾಡುವಾಗ ತುಟಿಯ ಮೂಲೆಯಲ್ಲಿ ಮೂರು ನಾಲ್ಕು ಗುಂಡುಪಿನ್ನು ಕಚ್ಚಿಕೊಂಡಿರುತ್ತಿದ್ದಳು. ಹಾಗಾಗಿ ನಗು ಬಂದರೆ ತುಟಿಗೆ ಜಾಗವಿರುತ್ತಿರಲಿಲ್ಲ. ಅದು ಕಣ್ಣಿಗೆ ಹೋಗಿ ಕೂರುತ್ತಿತ್ತು. ನಾನು ಏನಾದರೂ ಬಿಡುತ್ತಿದ್ದಂತೆ ಅವಳ ಕಣ್ಣು ಬಟ್ಟೆಯಿಂದ ಮೇಲೇಳುತ್ತಿತ್ತು, ಅರ್ಧ ನನ್ನ ಮುಖದವರೆಗೆ ಬಂದು ನಿಲ್ಲುತ್ತಿತ್ತು, ಒಂದು ಮಿಂಚು ಮಿಂಚಿ ಮತ್ತೆ ಬಟ್ಟೆಗಿಳಿಯುತ್ತಿತ್ತು. ಆಮೇಲೆ ಪಿನ್ನುಗಳ ಸಂದಿಯಿಂದ ಒಂದೇ ಪ್ರಶ್ನೆ.

"ನೆನೆಸಿದ್ದಾ?"

ಅಷ್ಟಕ್ಕೇ ನನ್ನ ನೂರು ಜನ ಹತ್ತಾಗುತ್ತಿದ್ದರು, ಹುಲಿ ಬೆಕ್ಕಾಗುತ್ತಿತ್ತು. ಜೀವಮಾನದಲ್ಲಿ ನನ್ನನ್ನು ಇಷ್ಟು ಕುಗ್ಗಿಸಿದವರಿಲ್ಲ. ಕುಗ್ಗುವುದರಲ್ಲಿ ಇಷ್ಟು ಸುಖವಿದೆ ಎಂದೂ ಗೊತ್ತಿರಲಿಲ್ಲ.

ಅಕ್ಕನ ನಾಟಕಗಳಲ್ಲಿ ಮಾತು ಕೊನೆಗೆ ಹುಟ್ಟುತ್ತದೆ. ಬೇರೆ ಕಡೆ ಎಲ್ಲ ಬರೆದು ಮುಗಿಸಿ, ದರ್ಜಿಗೊಂದು ಬಡಗಿಗೊಂದು ಪಟ್ಟಿ ಕೊಡುತ್ತಾರೆ; ಇಬ್ಬರೂ ಪರಸ್ಪರ ಮುಖ ನೋಡುವುದು ಪ್ರದರ್ಶನದ ದಿನವೇ. ನಮ್ಮಲ್ಲಿ ಹಾಗಲ್ಲ. ಬರಿಯ ಹಾಲಿನಲ್ಲಿ ಎಲ್ಲರನ್ನೂ ಕೂರಿಸಿ, ಜನ ಏನು ಹತ್ತುತ್ತಾರೆ, ಏನು ತೊಡುತ್ತಾರೆ, ಅದು ಮೊದಲು ಬರಲಿ ಎನ್ನುತ್ತಾರೆ ಅಕ್ಕ. ಆ ಸಲ ನಾನು ನಾಲ್ಕು ಮೆಟ್ಟಿಲಿನ ಒಂದು ಹಳೆಯ ಏಣಿಪೀಠ ತಂದು ನಡುವೆ ಇಟ್ಟೆ. ಸೂಜಿ ಒಂದು ಹಸಿರು ಬಟ್ಟೆಯನ್ನು ಅದರ ಮೇಲೆ ಹಾಸಿದಳು. ಬಟ್ಟೆ ಮೇಲಿನ ಮೆಟ್ಟಿಲಿಂದ ಕೆಳಗಿನದಕ್ಕೆ, ಅಲ್ಲಿಂದ ಇನ್ನೂ ಕೆಳಗಿನದಕ್ಕೆ ತಾನಾಗಿ ಜಾರಿಕೊಂಡು ಇಳಿಯಿತು.

ಯಾರೋ ಇಳಿದು ಬರ್ತಿದ್ದಾಳೆ ಅಂದರು ಅಕ್ಕ. ಹಾಗೆ ನಾಟಕ ಹುಟ್ಟಿತು.

ಒಂದು ಕಟ್ಟಡ. ಮೇಲಿನ ಮನೆಯಲ್ಲಿ ಅವಳು, ಕೆಳಗಿನ ಮನೆಯಲ್ಲಿ ಅವನು. ದಿನಾ ಮೆಟ್ಟಿಲ ಮೇಲೆ ಎದುರಾಗುತ್ತಾರೆ, ಪಕ್ಕಕ್ಕೆ ಸರಿದು ದಾರಿ ಬಿಡುತ್ತಾರೆ, ಹೋಗುತ್ತಾರೆ. ವರ್ಷಗಟ್ಟಲೆ ಇಷ್ಟೇ. ಕೊನೆಯಲ್ಲಿ ಒಂದು ದಿನ ಅವನು ಮನೆ ಖಾಲಿ ಮಾಡಿ ಹೊರಟಾಗ ಅವಳು ಹಸಿರು ಲಂಗ ಹಾರಿಸಿಕೊಂಡು ಒಂಬತ್ತು ಮೆಟ್ಟಿಲನ್ನು ಒಂದೇ ಉಸಿರಿಗೆ ಓಡಿ ಇಳಿದು ಅವನ ಕೋಟಿನ ತೋಳು ಹಿಡಿಯುತ್ತಾಳೆ. ಆ ಓಟವೇ ನಾಟಕದ ಪ್ರಾಣ.

ನಟರೆಲ್ಲ ಬೇರೆ ಬೇರೆ ಕೆಲಸದಲ್ಲಿರುವವರು, ನಾಲ್ಕು ಗಂಟೆಯ ಮೇಲೆ ಬರುತ್ತಿದ್ದರು. ಬೆಳಿಗ್ಗೆಯಿಂದ ಹಾಲಿನಲ್ಲಿ ನಾನು, ಸೂಜಿ, ಕಿಟಕಿಯಿಂದ ಬೀಳುವ ಬಿಸಿಲು. ನಾಯಕಿ ಇಲ್ಲದಾಗ ಸೂಜಿಯೇ ನಾಯಕಿ, ನಾಯಕ ಇಲ್ಲದಾಗ ನಾನೇ ನಾಯಕ. ನಾಯಕನಿಗೆ ಬೇಕಾದ ಲಕ್ಷಣವೆಲ್ಲ ನನಗಿತ್ತು. ಅಕ್ಕನ ಕಣ್ಣಿಗೆ ಮಾತ್ರ ಅದು ಬಿದ್ದಿರಲಿಲ್ಲ.

ಮೊದಲ ವಾರ ಮೆಟ್ಟಿಲಿನ ಎತ್ತರ ಹುಡುಕಿದೆವು. ಪಕ್ಕಕ್ಕೊಂದು ಕೈ ಹಿಡಿಯುವ ಕಟಕಟೆ ನಿಲ್ಲಿಸಿ, ಹಲಗೆಗಳ ಕೆಳಗೆ ಪ್ಲೈವುಡ್ ಚೂರು ಸೇರಿಸುತ್ತ, ತೆಗೆಯುತ್ತ, ಐದೂವರೆ ಇಂಚು, ಆರು, ಏಳು, ಎಂಟು ಎಂದು ನೋಡಿದೆ. ಸೂಜಿ ಕಚ್ಚಾ ಹೊಲಿಗೆ ಹಾಕಿದ ಲಂಗ ಉಟ್ಟು ಹತ್ತಿದಳು, ಇಳಿದಳು. ನಾನು ನೆಲದ ಮೇಲೆ ಕೆನ್ನೆ ಇಟ್ಟು ಮಲಗಿ ಅವಳ ಹಿಮ್ಮಡಿ ನೋಡುತ್ತಿದ್ದೆ. ಎತ್ತರ ಹೆಚ್ಚಾದರೆ ಮೊಣಕಾಲು ಅನುಮಾನ ಪಡುತ್ತಿತ್ತು. ಕಡಿಮೆಯಾದರೆ ಪಾದ ತಡಬಡಿಸುತ್ತಿತ್ತು.

ಆರೂವರೆ ಇಟ್ಟಾಗ ಅವಳು ಕೆಳಗೆ ನೋಡುವುದನ್ನೇ ಬಿಟ್ಟಳು.

ಅದನ್ನು ಹೇಗೆ ಹೇಳಲಿ? ನದಿ, ಹಂಸ ಎಂದೆಲ್ಲ ಸುಲಭವಾಗಿ ಬಿಡಬಹುದು. ಆದರೆ ಇಳಿದು ಬಂದವಳು ಸೂಜಿಯೇ, ಬೇರೆ ಯಾರೂ ಅಲ್ಲ. ಕೈ ಕಟಕಟೆಯ ಮೇಲೆ ತಾನಾಗಿ ಬಿತ್ತು. ಲಂಗದ ಅಂಚು ಮೆಟ್ಟಿಲನ್ನು ಮುಟ್ಟಿಯೂ ಮುಟ್ಟದ ಹಾಗೆ ಹಿಂದೆ ಬಂತು. ಕೊನೆಯ ಮೆಟ್ಟಿಲಲ್ಲಿ ನಿಂತು, ನೆಲದ ಮೇಲಿದ್ದ ನನ್ನನ್ನು ನೋಡಿ, ಏನು ನಿದ್ದೆಯಾ ಎಂದು ಕೇಳಿದಳು. ಅವತ್ತು ಬಾಯಲ್ಲಿ ಪಿನ್ನಿರಲಿಲ್ಲ. ನಗು ಪೂರ್ತಿ ತುಟಿಗೆ ಬಂದಿತ್ತು. ನಾನು ಹೌದು ಎಂದೆ. ನನ್ನ ಜೀವನದ ಅತ್ಯಂತ ಚಿಕ್ಕ ಉತ್ತರ ಅದು.

ಇನ್ನೊಂದು ದಿನ ಅವಳು ನಾಯಕನ ಕೋಟಿನ ಕಚ್ಚಾ ರೂಪವನ್ನು ನನಗೆ ತೊಡಿಸಿದಳು. ಹತ್ತೇ ನಿಮಿಷ. ಹಿಂದೆ ನಿಂತು ಎರಡು ಬೆರಳನ್ನು ನನ್ನ ಹೆಗಲ ಮೇಲಿಟ್ಟು, ಬಲಗಡೆ ಅರ್ಧ ಇಂಚು ತಗ್ಗು ಎಂದಳು. ಲೋಕದ ಭಾರವೆಲ್ಲ ಅದರ ಮೇಲೇ ಬಿದ್ದಿದೆ ಎಂದೆ. ಲೋಕ ಅಲ್ಲ, ಎಂಟು ಅಡಿ ನಾಲ್ಕು ಇಂಚಿನ ತೊಲೆ ಎಂದು ಸೀಮೆಸುಣ್ಣದಿಂದ ಗೆರೆ ಎಳೆದಳು. ಗೆರೆ ಕೋಟಿನ ಮೇಲೆ ಬಿತ್ತೋ ನನ್ನ ಮೇಲೆ ಬಿತ್ತೋ, ಆಮೇಲೆ ಎಷ್ಟು ತಿಕ್ಕಿದರೂ ಹೋಗಲಿಲ್ಲ.

ಆಮೇಲೆ ನಟರು ಬಂದರು. ನಾಯಕಿ ಐದು ಅಡಿ ಒಂಬತ್ತು ಇಂಚು, ತೆಂಗಿನ ಮರಕ್ಕೆ ಕಾಲು ಬಂದಂಥ ಹುಡುಗಿ. ಅವಳಿಗೆ ಏಳು ಇಂಚಿನ ಮೆಟ್ಟಿಲೇ ಸರಿ ಎಂದು ತೀರ್ಮಾನವಾಯಿತು. ನಾನು ಡ್ರಾಯಿಂಗಿನಲ್ಲಿ ದೊಡ್ಡದಾಗಿ ಏಳು ಎಂದು ಬರೆದೆ, ತಾಲೀಮಿಗೆ ಏಳು ಇಂಚಿನ ಪೆಟ್ಟಿಗೆಗಳನ್ನೇ ಹೊಡೆದು ಕೊಟ್ಟೆ. ನಾಯಕನ ಹೆಗಲು ಎರಡೂ ಸ್ಕೇಲ್ ಇಟ್ಟ ಹಾಗೆ ಸಮ ಎಂದು ಸೂಜಿ ತನ್ನ ಚಾರ್ಟಿನಲ್ಲಿ ಬರೆದು ಗೋಡೆಗೆ ಅಂಟಿಸಿದಳು. ಆರು ವಾರ ತಾಲೀಮು ನಡೆಯಿತು. ಎಲ್ಲ ಸರಿಯಾಗಿಯೇ ಇತ್ತು, ನನ್ನನ್ನು ಬಿಟ್ಟು.

ಮೊದಲು ಕಂಡುಹಿಡಿದಿದ್ದು ಅಮ್ಮ. ನನ್ನ ಮಾತನ್ನು ಅಮ್ಮ ಯಾವಾಗಲೂ ನಾಲ್ಕರಿಂದ ಭಾಗಿಸಿ ಕೇಳುತ್ತಾಳೆ. ಅಂದು ಅವಳು ಅಡುಗೆಮನೆಯಲ್ಲಿ ಬೀನ್ಸ್ ಹೆಚ್ಚುತ್ತಿದ್ದಳು. ನಾನು ಬಾಗಿಲಿಗೆ ಒರಗಿ ಸೂಜಿಯ ವಿಷಯ ಹೇಳುತ್ತಿದ್ದೆ: ಎಡಗೈಯಲ್ಲಿ ಕತ್ತರಿ ಹಿಡಿಯುತ್ತಾಳೆ, ಟೀಗೆ ಅರ್ಧ ಚಮಚ ಸಕ್ಕರೆ, ಕಟಿಂಗ್ ಟೇಬಲ್ ತಗ್ಗಾಗಿ ಬೆನ್ನು ನೋಯುತ್ತದೆ ಎನ್ನುತ್ತಾಳೆ, ಎತ್ತರ ಐದು ಅಡಿ ಒಂದೂವರೆ ಇಂಚು.

ಚಾಕು ನಿಂತಿತು.

"ಒಂದೂವರೆ," ಎಂದಳು ಅಮ್ಮ. "ನೀನು ಒಬ್ಬರ ವಿಷಯ ಹೇಳ್ತಾ ಕಾಲು ಗಂಟೆ ಆಯ್ತು. ಇನ್ನೂ ಒಂದೂ ಸುಳ್ಳು ಬಂದಿಲ್ಲ. ಹುಷಾರಾಗಿದ್ದೀಯೇನೋ ಮಗನೇ?"

ಹುಷಾರಿರಲಿಲ್ಲ. ಅದು ನನಗೂ ಆಗಲೇ ತಿಳಿದಿದ್ದು.

ಪ್ರದರ್ಶನಕ್ಕೆ ಹತ್ತು ದಿನ ಇರುವಾಗ ಸೂಜಿ ಆ ವಿಷಯ ಹೇಳಿದಳು. ತಾಲೀಮು ಪೆಟ್ಟಿಗೆಗಳ ಮೇಲೆ ಕೂತು ಲಂಗದ ಅಂಚು ಹೊಲಿಯುತ್ತಿದ್ದಳು. ನಾನು ಎರಡು ಮೆಟ್ಟಿಲು ಕೆಳಗೆ ಕೂತು ಟೀ ಕುಡಿಯುತ್ತಿದ್ದೆ. ದೊಡ್ಡದೊಂದು ಸಂಚಾರಿ ನಾಟಕ ಕಂಪನಿಯಿಂದ ಅವಳಿಗೆ ಕರೆಯ ಪತ್ರ ಬಂದಿತ್ತು. ಎರಡು ವರ್ಷ, ಊರಿಂದ ಊರಿಗೆ. ರಂಗವೆಲ್ಲ ಮಡಚಿ ಲಾರಿಗೆ ಹಾಕುತ್ತಾರಂತೆ. ಮನೆ, ಮರ, ಸಿಂಹಾಸನ, ಕಟಿಂಗ್ ಟೇಬಲ್ ಸಮೇತ ಎಲ್ಲ ಮಡಚಲು ಬರುತ್ತದಂತೆ. ಪ್ರದರ್ಶನದ ದಿನದೊಳಗೆ ಉತ್ತರ ಹೇಳಬೇಕು.

ಹೇಳಿ ಮುಗಿಸಿ ಅವಳು ನನ್ನನ್ನು ನೋಡಿದಳು. ಆ ನೋಟ ಅರ್ಧ ದಾರಿಗೆ ನಿಲ್ಲಲಿಲ್ಲ. ನೇರ ಬಂದು ನನ್ನ ಮುಖದ ಮೇಲೆ ಕೂತು ಕಾಯಿತು.

ಆಗ ನಾನು ಆಡಬೇಕಾಗಿದ್ದ ಮಾತು ಒಂದಿತ್ತು. ಬಾಯಿ ಅದರ ಅಳತೆಗೆ ಹೊಂದಲಿಲ್ಲ. ಅಷ್ಟು ಚಿಕ್ಕ ಮಾತನ್ನು ಅದು ಯಾವತ್ತೂ ಹೊರಗೆ ಬಿಟ್ಟಿರಲಿಲ್ಲ. ಬದಲಿಗೆ, ಹೋಗಿ ಬನ್ನಿ, ನನ್ನನ್ನಂತೂ ಹದಿನೇಳು ಕಂಪನಿಯವರು ಕರೆದು ಕರೆದು ಸಾಕಾಗಿದ್ದಾರೆ ಎಂದುಬಿಟ್ಟೆ.

"ನೆನೆಸಿದ್ದಾ?" ಎಂದಳು, ಮೆಲ್ಲಗೆ.

ನೆನೆಸಿಯೇ ಹದಿನೇಳು ಎಂದೆ. ಅವಳು ತಲೆ ಬಗ್ಗಿಸಿ ದಾರ ಕಚ್ಚಿ ಕತ್ತರಿಸಿದಳು. ನಗು ಆ ದಿನ ತುಟಿಗೂ ಬರಲಿಲ್ಲ, ಕಣ್ಣಿಗೂ ಹೋಗಲಿಲ್ಲ.

ಆ ವಾರವೇ ನಾನು ರಂಗಕ್ಕೆ ನಿಜವಾದ ಮೆಟ್ಟಿಲು ಕೊಯ್ದೆ. ಡ್ರಾಯಿಂಗ್ ಗೋಡೆಯ ಮೇಲೇ ಇತ್ತು. ನಾನು ಅತ್ತ ನೋಡಲಿಲ್ಲ. ನೋಡಿ ಕೊಯ್ಯುವವನು ಬಡಗಿ, ನೋಡದೆ ಕೊಯ್ಯುವವನು ನಾನು. ಮೂರು ದಿನ ಊಟ ನೀರಿನ ಪರಿವೆಯಿಲ್ಲದೆ ಕೆಲಸ ಮಾಡಿದೆ. ಸೂಜಿ ಪಕ್ಕದ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೋಟು ಕತ್ತರಿಸುತ್ತಿದ್ದಳು. ಗೋಡೆಯ ಈ ಕಡೆ ನನ್ನ ಗರಗಸ, ಆ ಕಡೆ ಅವಳ ಮಷಿನ್ನು. ಎರಡೂ ಒಂದಕ್ಕೊಂದು ಮುನಿಸಿಕೊಂಡಂತೆ ಸರದಿಯಲ್ಲಿ ಸದ್ದು ಮಾಡುತ್ತಿದ್ದವು.

ಪ್ರದರ್ಶನಕ್ಕೆ ಮೂರು ದಿನ ಇರುವಾಗ, ಸಂಜೆ ಐದು ಗಂಟೆಗೆ ಟ್ರಯಲ್. ಮೊದಲ ಸಲ ನಿಜವಾದ ಮೆಟ್ಟಿಲು, ನಿಜವಾದ ಬಟ್ಟೆ, ಪೂರ್ತಿ ಲೈಟು. ಕೊನೆಯ ದೃಶ್ಯ ಬಂತು. ನಾಯಕ ಪೆಟ್ಟಿಗೆ ಹಿಡಿದು ಹೊರಟ. ಮೇಲಿಂದ ನಾಯಕಿ ಓಡಿದಳು.

ನಾಲ್ಕನೇ ಮೆಟ್ಟಿಲಿಗೆ ಅವಳ ಕಾಲು ತಪ್ಪಿತು. ಕಟಕಟೆ ಹಿಡಿಯಲು ಹೋದರೆ ಅದು ಕೈಗೆ ಸಿಗದೆ ಕೆಳಗೆಲ್ಲೋ ಇತ್ತು. ಎರಡು ಮೆಟ್ಟಿಲು ಜಾರಿ ಕೂತೇ ಬಿಟ್ಟಳು. ಹಿಡಿಯಲೆಂದು ನಾಯಕ ಓಡಿ ಬಂದು ತೋಳು ಚಾಚಿದ. ಚಾಚಿದ ಕೂಡಲೇ ಅವನ ಕೋಟು ಬಲ ಹೆಗಲಿಂದ ಜಾರಿ ಮೊಣಕೈಗೆ ಬಂದು ನೇತಾಡಿತು.

ಪೆಟ್ಟೇನೂ ಆಗಿರಲಿಲ್ಲ. ಆದರೆ ನಾಯಕಿ ಹೆದರಿದ್ದಳು. ಇನ್ನು ತಾನು ಓಡುವುದಿಲ್ಲ ಎಂದಳು. ಅಕ್ಕ ಕನ್ನಡಕ ತೆಗೆದು, ನಾಳೆ ಮಧ್ಯಾಹ್ನದೊಳಗೆ ಇದು ಸರಿಹೋಗದಿದ್ದರೆ ಓಟವನ್ನೇ ತೆಗೆದುಹಾಕುತ್ತೇನೆ, ಅವಳು ಮೇಲೆ ನಿಂತೇ ನಾಲ್ಕು ಮಾತಾಡಲಿ ಎಂದರು. ಆಮೇಲೆ ನಮ್ಮಿಬ್ಬರ ಕಡೆ ತಿರುಗಿದರು. ತಪ್ಪಿರೋದು ಲಂಗಾನೋ, ಮೆಟ್ಟಿಲೋ?

ನನ್ನ ಬಾಯಿ ನನಗಿಂತ ಮೊದಲೇ ಎದ್ದು ನಿಂತಿತು.

"ಲಂಗ ಉದ್ದ ಆಗಿದೆ. ಸೂರ್ಯ ಪಶ್ಚಿಮದಲ್ಲಿ ಹುಟ್ಟಿದ ದಿನ ನನ್ನ ಮೆಟ್ಟಿಲು ತಪ್ಪುತ್ತೆ."

ನಾಲ್ಕು ಜನ ನಕ್ಕರು. ಸೂಜಿ ನನ್ನನ್ನು ನೋಡಲೂ ಇಲ್ಲ. ನೆನೆಸಿದ್ದಾ ಎಂದು ಕೇಳಲೂ ಇಲ್ಲ. ನಾಯಕಿಯಿಂದ ಲಂಗ ಇಸಿದುಕೊಂಡಳು, ಮಗುವನ್ನು ಎತ್ತಿಕೊಂಡಂತೆ ಎದೆಗವುಚಿಕೊಂಡು ಒಳಗೆ ಹೋದಳು.

ಎಲ್ಲರೂ ಟೀಗೆ ಹೊರಟರು. ನಾನೂ ಹೋದೆ. ಗ್ಲಾಸು ಕೈಯಲ್ಲೇ ತಣ್ಣಗಾಯಿತು. ಸೂಜಿ ಚುಚ್ಚಿದರೆ ನೋವು. ಚುಚ್ಚದೆ ಹೋದರೆ ಎಂಥ ಭಯ ಎಂಬುದು ಅವತ್ತು ತಿಳಿಯಿತು. ಕಂಪನಿಯ ಪತ್ರಕ್ಕೆ ಉತ್ತರ ಅವಳು ಈಗಲೇ ಬರೆಯುತ್ತಿದ್ದಾಳೆ, ಆ ಉತ್ತರವನ್ನು ನಾನೇ ಬರೆಸುತ್ತಿದ್ದೇನೆ ಎನಿಸಿತು. ಟೀ ಚೆಲ್ಲಿ ವಾಪಸು ಬಂದೆ.

ಗ್ರೀನ್ ರೂಮಿನಲ್ಲಿ ಯಾರೂ ಇರಲಿಲ್ಲ. ನಾಯಕ ಬಿಚ್ಚಿಟ್ಟ ಕೋಟು ಹ್ಯಾಂಗರಿನಲ್ಲಿ ತೂಗುತ್ತಿತ್ತು. ಅವಳು ಮೂರು ದಿನ ಬಾಗಿಲು ಹಾಕಿಕೊಂಡು ಹೊಲಿದ ಕೋಟು. ಯಾಕೋ ಕೈ ತಾನಾಗಿ ಹೋಯಿತು. ತೊಟ್ಟುಕೊಂಡೆ.

ಎರಕ ಹೊಯ್ದ ಹಾಗೆ ಕೂತಿತು.

ಕನ್ನಡಿಯಲ್ಲಿ ನೋಡಿದೆ. ಬಲ ಹೆಗಲು ಎಡಕ್ಕಿಂತ ಅರ್ಧ ಇಂಚು ತಗ್ಗು. ಬಲ ತೋಳು ಒಂದೆಳೆ ಉದ್ದ, ಗರಗಸ ಎಳೆದು ಎಳೆದು ನನ್ನ ಕೈ ಎಷ್ಟು ಉದ್ದವಾಗಿದೆಯೋ ಅಷ್ಟೇ. ಪೆನ್ಸಿಲ್ ಇಡುವ ನನ್ನ ಅಭ್ಯಾಸ ಎಡ ಜೇಬಿನದು. ಅಲ್ಲಿ ಒಳಗಡೆ ಒಂದು ಸಣ್ಣ ಪಟ್ಟಿ, ಪೆನ್ಸಿಲಿನಷ್ಟೇ ಅಗಲ. ನಾಟಕದ ನಾಯಕ ಇಡೀ ನಾಟಕದಲ್ಲಿ ಒಂದು ಗೆರೆಯನ್ನೂ ಗೀಚುವುದಿಲ್ಲ.

ನಾನು ಆ ಬಟ್ಟೆ ತೊಟ್ಟಿದ್ದು ಒಂದೇ ಸಲ, ಹತ್ತೇ ನಿಮಿಷ, ಎರಡು ತಿಂಗಳ ಹಿಂದೆ.

ಕೋಟು ಬಿಚ್ಚಲು ಮರೆತು ರಂಗದ ಮೇಲೆ ಬಂದೆ. ಸೂಜಿ ಮೆಟ್ಟಿಲ ಮೇಲೆ ಕೂತಿದ್ದಳು. ಕೈಯಲ್ಲಿ ಟೇಪು. ಕೆಳಗಿಂದ ಒಂದೊಂದಾಗಿ ಅಳೆಯುತ್ತ ಏಳನೆಯದಕ್ಕೆ ತಲುಪಿದ್ದಳು. ಪ್ರತಿ ಮೆಟ್ಟಿಲ ಮೇಲೂ ಸೀಮೆಸುಣ್ಣದಲ್ಲಿ ಬರೆದಿತ್ತು: ಆರೂವರೆ, ಆರೂವರೆ, ಆರೂವರೆ.

ನನ್ನನ್ನು ನೋಡಿಯೂ ನಿಲ್ಲಿಸಲಿಲ್ಲ. ಎಂಟು, ಒಂಬತ್ತನ್ನೂ ಅಳೆದು ಬರೆದಳು. ಆಮೇಲೆ ಮೇಲೆ ಎದ್ದು ನಿಂತು, ಕಣ್ಣು ಮುಚ್ಚಿಕೊಂಡು ಇಳಿದು ಬಂದಳು. ಕೈ ಕಟಕಟೆಯ ಮೇಲೆ ತಾನಾಗಿ ಬಿತ್ತು. ಒಂದು ಹೆಜ್ಜೆಯೂ ಯೋಚಿಸಲಿಲ್ಲ.

ಕೊನೆಯ ಮೆಟ್ಟಿಲಲ್ಲಿ ಕಣ್ಣು ತೆರೆದಳು. ಅವಳ ಕಣ್ಣು ನನ್ನ ಕಣ್ಣಿನ ಎತ್ತರಕ್ಕೆ ಸರಿಯಾಗಿತ್ತು. ಆಗ ಅವಳು ಕೋಟು ನೋಡಿದಳು. ಬಲ ಹೆಗಲಿನ ಮೇಲೆ ನೋಟ ನಿಂತಿತು, ತೋಳಿನುದ್ದಕ್ಕೂ ಇಳಿಯಿತು, ಎಡ ಜೇಬಿನ ಹತ್ತಿರ ಬಂದಾಗ ಕಿವಿ ಕೆಂಪಾಯಿತು.

"ಡ್ರಾಯಿಂಗಲ್ಲಿ ಏಳು ಅಂತಿದೆ," ಎಂದಳು.

"ನಿಮ್ಮ ಚಾರ್ಟಲ್ಲಿ ಹೆಗಲು ಸಮ ಅಂತಿದೆ," ಎಂದೆ.

"ನಾನು ಚಾರ್ಟ್ ನೋಡ್ಲಿಲ್ಲ."

"ನಾನೂ ಡ್ರಾಯಿಂಗ್ ನೋಡ್ಲಿಲ್ಲ."

ಹಾಲಿನ ಹೊರಗೆ ಯಾರೋ ಗಾಡಿ ಸ್ಟಾರ್ಟ್ ಮಾಡಿದರು. ಸೂಜಿ ಟೇಪನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಆಮೇಲೆ, ನಾನು ಹೋದ್ರೆ ನಿಮಗೇನಾಗುತ್ತೆ ಅಂತ ಒಂದು ಸಲ ಹೇಳಿ ಎಂದಳು. ಒಂದಿಂಚೂ ಎಳೆಯದೆ.

ನನ್ನ ಹತ್ತಿರ ಆ ಹೊತ್ತಿಗೆ ಸಾವಿರ ಮಾತು ಸಿದ್ಧವಿದ್ದವು. ಸಮುದ್ರ ಬತ್ತುವುದು, ನಕ್ಷತ್ರ ಉದುರುವುದು, ನಾನು ಹುಚ್ಚನಾಗಿ ಬೀದಿ ಅಲೆಯುವುದು. ಒಂದೊಂದನ್ನೂ ಮನಸ್ಸಿನಲ್ಲೇ ನೀರಿಗೆ ಅದ್ದಿದೆ. ಒಂದೊಂದೂ ಕುಗ್ಗಿತು. ಕೊನೆಗೆ ಉಳಿದಿದ್ದನ್ನು ಹೇಳಿದೆ.

"ನೀವು ಹೋದ್ರೆ ನಾನೇನೂ ಸಾಯಲ್ಲ. ಊಟ ಮಾಡ್ತೀನಿ, ನಿದ್ದೆ ಮಾಡ್ತೀನಿ, ಕೆಲಸಾನೂ ಮಾಡ್ತೀನಿ. ಆದ್ರೆ ಏನು ಕೊಯ್ದರೂ ಅರ್ಧ ಇಂಚು ಕಮ್ಮಿ ಬರುತ್ತೆ. ಯಾವಾಗ್ಲೂ."

ಅವಳು ನೆನೆಸಿದ್ದಾ ಎಂದು ಕೇಳಲಿಲ್ಲ. ಕಣ್ಣಲ್ಲಿ ನೀರು ಬಂದಿತ್ತು, ಅದರ ಹಿಂದೆಯೇ ನಗುವೂ ಬಂದು ಜಾಗವಿಲ್ಲದೆ ನಿಂತಿತ್ತು. ಕೋಟಿನ ತೋಳನ್ನು ಎರಡು ಬೆರಳಲ್ಲಿ ಹಿಡಿದು, ಮಡಿಕೆ ಸರಿಮಾಡಿದಳು. ಸರಿಯಾದ ಮೇಲೂ ಬಿಡಲಿಲ್ಲ.

ಆದರೆ ಉತ್ತರ ಹೇಳಲಿಲ್ಲ. ಲಂಗದ ವಿಷಯ ಮಾತ್ರ ಹೇಳಿದಳು. ತಾನು ಮೂರು ಸಲ ಅಳೆದೆ, ಅದು ಏಳು ಇಂಚಿಗೆ ಕೂದಲೆಳೆಯಷ್ಟೂ ತಪ್ಪಿಲ್ಲ ಎಂದಳು. ಗೊತ್ತು ಎಂದೆ. ಗೊತ್ತಿರೋದನ್ನ ನಾಳೆ ಎಲ್ಲರ ಮುಂದೆ ಹೇಳಿ ಎಂದಳು.

ಮರುದಿನ ಬೆಳಿಗ್ಗೆ ಅಕ್ಕನ ಒತ್ತಾಯಕ್ಕೆ ಎಲ್ಲರೂ ರಜೆ ಹಾಕಿ ಬಂದಿದ್ದರು. ನಾನು ಮೆಟ್ಟಿಲ ಮುಂದೆ ನಿಂತು, ಲಂಗ ಸರಿಯಾಗಿದೆ, ತಪ್ಪಿದ್ದು ನನ್ನ ಮೆಟ್ಟಿಲು, ಒಂದಲ್ಲ ಒಂಬತ್ತೂ ಎಂದೆ. ಜೊತೆಗೆ ಕಟಕಟೆಯೂ. ನಿನ್ನೆ ಸುಳ್ಳು ಹೇಳಿದ್ದಕ್ಕೆ ಸೂಜಿಯ ಕ್ಷಮೆ ಕೇಳುತ್ತೇನೆ ಎಂದೆ. ನಾಯಕ ನನ್ನ ಹಣೆ ಮುಟ್ಟಿ ಜ್ವರ ಇದೆಯಾ ನೋಡಿದ.

ಹಿಂದಿನಿಂದ ಇನ್ನೊಂದು ದನಿ ಬಂತು. ಕೋಟೂ ತಪ್ಪೇ, ಅದು ನನ್ನದು ಎಂದಳು ಸೂಜಿ. ಅಕ್ಕ ಒಮ್ಮೆ ಮೆಟ್ಟಿಲಿನ ಮೇಲಿದ್ದ ಸೀಮೆಸುಣ್ಣದ ಬರಹ ನೋಡಿದರು, ಒಮ್ಮೆ ಸೂಜಿಯ ಕಾಲು ನೋಡಿದರು, ಒಮ್ಮೆ ನನ್ನ ಹೆಗಲು ನೋಡಿದರು. ಅವರು ಮೂವತ್ತು ವರ್ಷದಿಂದ ನಾಟಕ ಮಾಡಿಸುವವರು.

"ಇಬ್ಬರೂ ಅಳತೆ ತಪ್ಪಿದ್ದೀರಿ. ಒಂದೇ ರೋಗ ಕಾಣುತ್ತೆ," ಎಂದು ಕನ್ನಡಕ ಹಾಕಿಕೊಂಡರು. "ಎರಡು ದಿನ ಇದೆ. ಹೋಗಿ, ಸರಿಮಾಡಿ."

ಮೆಟ್ಟಿಲು ಸರಿಮಾಡುವುದು ಎಂದರೆ ಪ್ರತಿಯೊಂದರ ಮೇಲೂ ಅರ್ಧ ಇಂಚಿನ ಹಲಗೆ ಬಡಿದರೆ ಆಯಿತು ಎಂದು ನೀವು ತಿಳಿದಿರಬಹುದು. ನಾಯಕನೂ ಹಾಗೇ ತಿಳಿದಿದ್ದ. ಅಲ್ಲ. ಮೊದಲನೆಯದಕ್ಕೆ ಅರ್ಧ ಇಂಚು ಏರಿಸಿದರೆ ಎರಡನೆಯದಕ್ಕೆ ಒಂದು, ಮೂರನೆಯದಕ್ಕೆ ಒಂದೂವರೆ. ಒಂಬತ್ತಕ್ಕೆ ಬರುವ ಹೊತ್ತಿಗೆ ನಾಲ್ಕೂವರೆ. ಬಾಯಿ ಬಿಟ್ಟು ಹೇಳದ ಮಾತೂ ಹಾಗೆಯೇ, ಮೆಟ್ಟಿಲು ಮೆಟ್ಟಿಲಿಗೂ ಬೆಳೆಯುತ್ತದೆ. ಎಲ್ಲ ಬಿಚ್ಚಿ ಹೊಸದಾಗಿ ಕೂಡಿಸಿದೆ. ಈ ಸಲ ಪ್ರತಿ ಹಲಗೆಗೂ ಎದ್ದು ಹೋಗಿ ಡ್ರಾಯಿಂಗ್ ನೋಡಿ ಬಂದೆ. ಪಕ್ಕದ ಕೋಣೆಯ ಬಾಗಿಲು ಈಗ ತೆರೆದಿತ್ತು. ಸೂಜಿ ಉಳಿದ ಬಟ್ಟೆಯಲ್ಲಿ ನಾಯಕನಿಗೆ ಬೇರೆ ಕೋಟು ಹೊಲಿಯುತ್ತಿದ್ದಳು, ನಡುನಡುವೆ ತಲೆಯೆತ್ತಿ ಗೋಡೆಯ ಚಾರ್ಟು ನೋಡುತ್ತಿದ್ದಳು. ಚಾರ್ಟಿಗೆ ಹೋದ ಕಣ್ಣು ವಾಪಸು ಬರುವಾಗ ನೇರ ದಾರಿ ಬಿಟ್ಟು ನನ್ನ ಕಡೆಯಿಂದ ಸುತ್ತಿಕೊಂಡು ಹೋಗುತ್ತಿತ್ತು. ಪಿನ್ನುಗಳ ಮೇಲಿನ ನಗು ತನ್ನ ಹಳೆಯ ಜಾಗಕ್ಕೆ ಮರಳಿತ್ತು.

ಉತ್ತರ ಮಾತ್ರ ಹೇಳಲಿಲ್ಲ. ನಾನೂ ಕೇಳಲಿಲ್ಲ. ಕೇಳದೆ ಇರುವುದು ನಾನು ಹೊತ್ತ ತೊಲೆಗಳಲ್ಲೆಲ್ಲ ಅತಿ ಭಾರದ್ದು.

ಬಿಚ್ಚಿದ ಹಲಗೆಯಲ್ಲಿ ಒಂದು ಮೆಟ್ಟಿಲನ್ನು ಮಾತ್ರ ಹಾಗೇ ಉಳಿಸಿಕೊಂಡೆ. ರಂಗದ ಪಕ್ಕ, ಪರದೆಯ ಮರೆಯಲ್ಲಿ, ನಟರ ಗುಂಡಿ ಕಿತ್ತರೆ ಹೊಲಿಯಲು ಅವಳು ಸೂಜಿದಾರ ಹಿಡಿದು ನಿಲ್ಲುವ ಜಾಗವಿದೆ. ಅಲ್ಲಿ ನಿಂತರೆ ಎದುರಿನ ಚೌಕಟ್ಟು ಅಡ್ಡ ಬಂದು ರಂಗ ಕಾಣುವುದಿಲ್ಲ ಎಂದು ಗೊಣಗುತ್ತಿದ್ದಳು. ಆರೂವರೆ ಇಂಚಿನ ಆ ಮೆಟ್ಟಿಲನ್ನು ಅಲ್ಲಿ ಇಟ್ಟೆ.

ಪ್ರದರ್ಶನದ ಸಂಜೆ ಆರೂವರೆಗೆ ಪರದೆ ಎದ್ದಿತು. ಎರಡು ಸಾವಿರ ಜನ ಬಂದಿದ್ದರು. ಕುರ್ಚಿ ಇದ್ದದ್ದು ಮುನ್ನೂರು. ಸರಿ, ಇನ್ನೂರ ಎಂಬತ್ತು ತುಂಬಿದ್ದವು. ನಾನು ಪರದೆಯ ಹಗ್ಗದ ಹತ್ತಿರ ನನ್ನ ಕೋಟು ತೊಟ್ಟು ನಿಂತಿದ್ದೆ. ಎಡ ಜೇಬಿನಲ್ಲಿ ಪೆನ್ಸಿಲ್ ಇತ್ತು. ಸೂಜಿ ತನ್ನ ಮೆಟ್ಟಿಲೇರಿ ನಿಂತಳು. ಕಾಲಿಟ್ಟ ಕೂಡಲೇ ಅವಳಿಗೆ ಎತ್ತರ ಗೊತ್ತಾಯಿತು. ತಿರುಗಿ ನೋಡಲಿಲ್ಲ, ಹಿಮ್ಮಡಿಯನ್ನು ಮೆಲ್ಲಗೆ ಎರಡು ಸಲ ಅದರ ಮೇಲೆ ಒತ್ತಿದಳು.

ಕೊನೆಯ ದೃಶ್ಯ. ನಾಯಕ ಪೆಟ್ಟಿಗೆ ಎತ್ತಿಕೊಂಡ. ಮೇಲಿನ ಬಾಗಿಲು ತೆರೆಯಿತು. ಹಸಿರು ಲಂಗ ಒಂದು ಕ್ಷಣ ಬೆಳಕಿನಲ್ಲಿ ನಿಂತು, ಆಮೇಲೆ ಒಂಬತ್ತು ಮೆಟ್ಟಿಲನ್ನು ಒಂದೇ ಉಸಿರಿಗೆ ಸುರಿದುಕೊಂಡು ಬಂತು. ಒಂದು ಹೆಜ್ಜೆ ತಪ್ಪಲಿಲ್ಲ. ಬಟ್ಟೆ ಎಲ್ಲಿ ಮುಗಿದು ಮೆಟ್ಟಿಲು ಎಲ್ಲಿ ಶುರುವಾಯಿತು ಎಂದು ಯಾರಿಗೂ ಹೇಳಲು ಆಗುತ್ತಿರಲಿಲ್ಲ; ನಾವಿಬ್ಬರು ಮಾಡಿದ್ದು ಒಂದೇ ವಸ್ತುವಾಗಿತ್ತು. ನಾಯಕಿ ಕೋಟಿನ ತೋಳು ಹಿಡಿದಳು. ಹೆಗಲು ಜಾರಲಿಲ್ಲ. ಜನ ಉಸಿರು ಬಿಟ್ಟ ಸದ್ದು ಪರದೆಯ ಹಿಂದಿದ್ದ ನಮಗೂ ಕೇಳಿಸಿತು.

ಚಪ್ಪಾಳೆಯ ನಡುವೆ ಸೂಜಿ ನನ್ನ ಹತ್ತಿರ ಬಂದಳು. ಕಂಪನಿಯವರಿಗೆ ಬೆಳಿಗ್ಗೆಯೇ ಫೋನ್ ಮಾಡಿದ್ದಳಂತೆ. ಅಲ್ಲಿ ಮೆಟ್ಟಿಲು ಯಾರು ಮಾಡುತ್ತಾರೆ, ನಾನು ಲಂಗ ಕತ್ತರಿಸುವ ಮೊದಲು ಅವರನ್ನು ನೋಡಬೇಕು ಎಂದು ಕೇಳಿದಳಂತೆ. ಅದು ನಿಮಗ್ಯಾಕೆ, ಅಳತೆ ಕಳಿಸ್ತೀವಿ ಅಂದರಂತೆ ಅವರು.

ಅಷ್ಟು ಹೇಳಿ ನಿಲ್ಲಿಸಿದಳು. ಇತ್ತ ನನ್ನ ಹೃದಯ ಒಂಬತ್ತೂ ಮೆಟ್ಟಿಲನ್ನು ಹತ್ತಿ ಇಳಿದು ಹತ್ತುತ್ತಿತ್ತು. ಇದರಲ್ಲಿ ಉತ್ಪ್ರೇಕ್ಷೆ ಇಲ್ಲ.

"ನಂಗೊಂದು ಕಟಿಂಗ್ ಟೇಬಲ್ ಮಾಡಿಕೊಡಿ," ಎಂದಳು. "ನನ್ನ ಎತ್ತರಕ್ಕೆ. ಮಡಚೋಕೆ ಬರಬಾರ್ದು. ಯಾವ ಲಾರಿಗೂ ಹತ್ತಬಾರ್ದು."

ಲಾರಿಗೆ ಹತ್ತದ ಟೇಬಲ್ ಎಂದರೆ ಎಷ್ಟು ಉದ್ದ ಎಂದು ಕೇಳಿದೆ. ಅವಳು ಕೊರಳಿನ ಟೇಪನ್ನು ತೆಗೆದು ನನ್ನ ಕೊರಳಿಗೆ ಹಾಕಿದಳು, ಎರಡು ತುದಿಯನ್ನೂ ಹಿಡಿದು ಸಮ ಮಾಡಿದಳು.

"ಈ ಸಲ ಎಷ್ಟು ಬೇಕಾದ್ರೂ ಉದ್ದ ಮಾಡು," ಎಂದಳು.